ಮಳೆಗೂ ರೈಲಿಗೂ ಟೆಂಟಿಗೂ ಒಂದೇ ಚೀಲ

ಮುಂಬೈಯಲ್ಲಿ ಮಕ್ಕಳು ಮಳೆಗಾಲವಿಡೀ ಮನೆಯೊಳಗೇ ಇರಬೇಕು. ಮೇ ತಿಂಗಳಲ್ಲಿ ಊರಿಗೆ ಹೋಗುವ ರೈಲು, ಚಳಿಗಾಲದಲ್ಲಿ ಪವನಾ ಜಲಾಶಯದ ದಂಡೆಯ ಟೆಂಟು. ಮೂರಕ್ಕೂ ನಾನು ಒಂದೇ ಬಟ್ಟೆಚೀಲ ಇಟ್ಟುಕೊಂಡಿದ್ದೇನೆ: ಚೌಕಾಬಾರದ ಹಾಸು, ಕವಡೆ, ನಾಲ್ಕು ಬಣ್ಣದ ಗುಂಡಿಗಳು, ಪರೀಕ್ಷೆ ಬರೆಯುವ ಪ್ಯಾಡು, ಬಟ್ಟೆ ಒಣಹಾಕುವ ಕ್ಲಿಪ್ಪು, ಸೆಕೆಂಡಿನ ಮುಳ್ಳಿರುವ ಗಡಿಯಾರ, ನೋಟುಬುಕ್ಕು. ಬಣ್ಣ ತುಂಬುವ ಪುಸ್ತಕ ಅರ್ಧ ಗಂಟೆಗೆ ಬೇಸರ ತರುತ್ತದೆ. ಎಣಿಸುವ, ಅಳೆಯುವ, ಬರೆದಿಡುವ ಕೆಲಸ ಕೊಟ್ಟರೆ ಆರರಿಂದ ಹನ್ನೆರಡು ವರ್ಷದ ಮಕ್ಕಳು ಕರೆಯದೆಯೂ ಮತ್ತೆ ಬಂದು ಕೂರುತ್ತಾರೆ.

ಚೌಕಾಬಾರದ ಹಾಸು ಮಾಡಲು 30 ಸೆಂ.ಮೀ. ಚೌಕದ ದಪ್ಪ ಹತ್ತಿ ಬಟ್ಟೆ ಸಾಕು. ನಡುವೆ 4 ಸೆಂ.ಮೀ.ನ ಐದು ಅಡ್ಡ, ಐದು ಉದ್ದ, ಒಟ್ಟು 25 ಮನೆ. ನಾಲ್ಕು ಬದಿಯ ನಡುಮನೆಗಳಿಗೂ ಒಳಗಿನ ನಟ್ಟನಡುವಿನ ಮನೆಗೂ ಕತ್ತರಿ ಗುರುತು. ಅಳಿಸಿಹೋಗದ ಮಾರ್ಕರಿನಲ್ಲೇ ಗೆರೆ ಹಾಕಬೇಕು. ಸೀಮೆಸುಣ್ಣ ಒಂದೇ ಆಟಕ್ಕೆ ಉದುರುತ್ತದೆ, ಸ್ಕೆಚ್ ಪೆನ್ನು ಬೆವರ ಕೈಗೆ ಹರಡುತ್ತದೆ. ಮನೆ 4 ಸೆಂ.ಮೀ.ಗಿಂತ ಚಿಕ್ಕದಾದರೆ ಒಂದೇ ಮನೆಯಲ್ಲಿ ಮೂರ್ನಾಲ್ಕು ಕಾಯಿ ಕೂಡಿದಾಗ ಯಾವುದು ಎಲ್ಲಿತ್ತೆಂದು ಜಗಳ ಶುರುವಾಗುತ್ತದೆ.

ಒಬ್ಬೊಬ್ಬರಿಗೆ ಒಂದೊಂದು ಬಣ್ಣದ ನಾಲ್ಕು ಗುಂಡಿ, ಅವೇ ಕಾಯಿ. ನಾಲ್ಕು ಕವಡೆ ಹಾಕಿದಾಗ ಅಂಗಾತ ಬಿದ್ದದ್ದು ಎಷ್ಟೋ ಅಷ್ಟು ಗರ. ನಾಲ್ಕೂ ಅಂಗಾತವಾದರೆ ಚೌಕ, ಅಂದರೆ 4. ನಾಲ್ಕೂ ಕವುಚಿದರೆ ಬಾರ, ಅಂದರೆ 8. ಚೌಕ, ಬಾರ ಬಿದ್ದರೂ ಎದುರಾಳಿಯ ಕಾಯಿ ಹೊಡೆದರೂ ಇನ್ನೊಂದು ಸಲ ಹಾಕಬಹುದು. ಹೊರಸುತ್ತಿನ 16 ಮನೆ ಅಪ್ರದಕ್ಷಿಣೆಯಾಗಿ, ಒಳಸುತ್ತಿನ 8 ಮನೆ ಪ್ರದಕ್ಷಿಣೆಯಾಗಿ ನಡೆದು ನಟ್ಟನಡುವಿನ ಮನೆ ಸೇರಿದರೆ ಕಾಯಿ ಹಣ್ಣು. ಕತ್ತರಿ ಮನೆಯಲ್ಲಿ ಕೂತ ಕಾಯಿಯನ್ನು ಹೊಡೆಯುವಂತಿಲ್ಲ. ಒಂದಾದರೂ ಕಾಯಿ ಹೊಡೆಯದೆ ಒಳಸುತ್ತಿಗೆ ಹೋಗಬಾರದೆಂಬ ನಿಯಮ ದೊಡ್ಡವರಿಗೆ ಆಟದ ಜೀವಾಳ, ಆರು ವರ್ಷದವರಿಗೆ ಅಳು. ಚಿಕ್ಕವರಿದ್ದರೆ ಆ ನಿಯಮ ಬಿಟ್ಟು, ಎರಡೇ ಕಾಯಿ ಕೊಟ್ಟು ಆಡಿಸಿ.

ಮಾಟುಂಗಾದ ಪೂಜಾಸಾಮಗ್ರಿ ಅಂಗಡಿಗಳಲ್ಲಿ ಕವಡೆ ಸಿಗುತ್ತದೆ. ಇಲ್ಲದಿದ್ದರೆ ನಾಲ್ಕು ಹುಣಸೆಬೀಜವನ್ನು ಒರಟು ಕಲ್ಲಿಗೆ ಒಂದೇ ಬದಿ ಉಜ್ಜಿ ಬಿಳಿ ಮಾಡಿಕೊಳ್ಳಿ. ಉಜ್ಜುವುದನ್ನು ಮಕ್ಕಳಿಗೇ ಬಿಡಿ, ಮಳೆಯ ಒಂದು ಮಧ್ಯಾಹ್ನ ಅದರಲ್ಲೇ ಕಳೆಯುತ್ತದೆ. ಅತಿಯಾಗಿ ಉಜ್ಜಿ ಒಂದು ಬದಿ ಚಪ್ಪಟೆಯಾದರೆ ಬೀಜ ಒಂದೇ ಕಡೆ ಬೀಳತೊಡಗುತ್ತದೆ. ಒಂದೊಂದನ್ನೂ 20 ಸಲ ಹಾಕಿ ನೋಡಿ; ಬಿಳಿ 7ರಿಂದ 13 ಸಲ ಬಂದರೆ ಇಟ್ಟುಕೊಳ್ಳಿ, ಇಲ್ಲವಾದರೆ ಹೊಸದನ್ನು ಉಜ್ಜಿ. ಗುಲಗಂಜಿಯನ್ನು ಮಾತ್ರ ಆಟಕ್ಕೆ ಬಳಸಲೇಬೇಡಿ, ಅದರ ಬೀಜದಲ್ಲಿ ಕಡುವಿಷವಿದೆ. ಮೂರು ವರ್ಷದೊಳಗಿನ ಮಗುವಿದ್ದ ಕಡೆ ಗುಂಡಿ, ಬೀಜ, ಕವಡೆ ಯಾವುದೂ ಕೈಗೆ ಸಿಗಬಾರದು.

ರೈಲಿನಲ್ಲಿ ಹಾಸನ್ನು ಪ್ಯಾಡಿಗೆ ಸುತ್ತಿ ನಾಲ್ಕು ಮೂಲೆಗೂ ಕ್ಲಿಪ್ಪು ಹಾಕಿ. ಕವಡೆಯನ್ನು ಸ್ಟೀಲ್ ಡಬ್ಬಿಯೊಳಗೆ ಕರ್ಚೀಫು ಹಾಸಿ ಅದರಲ್ಲೇ ಹಾಕಬೇಕು. ಸೀಟಿನಡಿ ಉರುಳುವುದಿಲ್ಲ, ಮಲಗಿದವರಿಗೆ ಸದ್ದೂ ಕೇಳುವುದಿಲ್ಲ. ಕಾಯಿಯಾಗಿ ಕಡಲೆಕಾಳು ಇಟ್ಟರೆ ರೈಲಿನ ಕುಲುಕಾಟಕ್ಕೆ ನಿಲ್ಲುವುದಿಲ್ಲ, ಚಪ್ಪಟೆ ಗುಂಡಿ ನಿಲ್ಲುತ್ತದೆ.

ಆಟ ಸಾಕಾದಾಗ ಗಡಿಯಾರ ತೆಗೆಯಿರಿ. ಮತ್ಸ್ಯಗಂಧ ರೈಲಿನಲ್ಲಿ ಉಡುಪಿ, ಮಂಗಳೂರಿಗೆ ಹೋಗುವವರಿಗೆ ರೋಹಾ ದಾಟಿದ ಮೇಲೆ ಕೊಂಕಣ ರೈಲ್ವೆ ಶುರು. 1998ರಲ್ಲಿ ಪೂರ್ತಿಯಾದ ಈ ದಾರಿಯಲ್ಲಿ 91 ಸುರಂಗಗಳಿವೆ. ಪ್ರತಿ ಸುರಂಗಕ್ಕೂ ನೋಟುಬುಕ್ಕಿನಲ್ಲಿ ಒಂದು ಸಾಲು: ಹೊಕ್ಕ ಹೊತ್ತು, ಹೊರಬಂದ ಹೊತ್ತು. ಒಬ್ಬರು ಕೂಗಲು, ಒಬ್ಬರು ಗಡಿಯಾರ ನೋಡಲು, ಒಬ್ಬರು ಬರೆಯಲು. ಕತ್ತಲಾದ ಮೇಲೆ ಕಣ್ಣಿಗಿಂತ ಕಿವಿಗೇ ಬೇಗ ತಿಳಿಯುತ್ತದೆ, ಸುರಂಗದೊಳಗೆ ಗಾಲಿಯ ಸದ್ದು ದಪ್ಪವಾಗುತ್ತದೆ. ರತ್ನಾಗಿರಿಗೆ ಮುಂಚೆ, ಉಕ್ಷಿ ಮತ್ತು ಭೋಕೆ ನಿಲ್ದಾಣಗಳ ನಡುವೆ ಬರುವ ಕರ್ಬುಡೆ ಸುರಂಗ ಸುಮಾರು 6.5 ಕಿ.ಮೀ. ಉದ್ದ. 23,400 ಅನ್ನು ಹಿಡಿದ ಸೆಕೆಂಡುಗಳಿಂದ ಭಾಗಿಸಿದರೆ ಗಂಟೆಗೆ ಎಷ್ಟು ಕಿ.ಮೀ. ಎಂದು ಬರುತ್ತದೆ, 360 ಸೆಕೆಂಡು ಹಿಡಿದರೆ ವೇಗ 65. ಬಯಲಿನಲ್ಲಿ ವಿದ್ಯುತ್ ಕಂಬದ ಫಲಕ ನೋಡಿ: ಮೇಲಿನ ಅಂಕಿ ಕಿಲೋಮೀಟರು, ಕೆಳಗಿನದು ಕಂಬದ ಸಂಖ್ಯೆ. ಮೇಲಿನ ಅಂಕಿ ಒಮ್ಮೆ ಬದಲಾದಾಗಿನಿಂದ ಮತ್ತೊಮ್ಮೆ ಬದಲಾಗುವವರೆಗಿನ ಸೆಕೆಂಡಿನಿಂದ 3,600 ಅನ್ನು ಭಾಗಿಸಿ. ಇದೆಲ್ಲ ಕಿಟಕಿಯ ಬಳಿ ಕೂತೇ ಆಗಬೇಕು, ಬಾಗಿಲ ಹತ್ತಿರ ಬೇಡ.

ಟೆಂಟಿಗೆ ಹೆಚ್ಚು ಹೇಳುವುದಿಲ್ಲ. ಕತ್ತಲಾದ ಮೇಲೆ ನೀರಿನತ್ತ ಮಕ್ಕಳು ಹೋಗಲೇಬಾರದು, ಅದು ಮೊದಲ ಮಾತು. ಉರಿಯುವ ಟಾರ್ಚಿನ ಮೇಲೆ ನೀರು ತುಂಬಿದ ಬಿಳಿ ಬಾಟಲಿ ಇಟ್ಟರೆ ಬೆಳಕು ಹರಡಿ ಹಾಸು ಚೆನ್ನಾಗಿ ಕಾಣುತ್ತದೆ. ನಕ್ಷತ್ರ ನೋಡುವುದಾದರೆ ಟಾರ್ಚಿಗೆ ಕೆಂಪು ಜಿಲೇಟಿನ್ ಕಾಗದ ಕಟ್ಟಿ, 20 ನಿಮಿಷ ಕಾಯಿರಿ. ಅಷ್ಟರಲ್ಲಿ ಯಾರಾದರೂ ಮೊಬೈಲ್ ತೆರೆದರೆ ಮತ್ತೆ ಮೊದಲಿಂದ ಕಾಯಬೇಕು. ಡಿಸೆಂಬರಿನ ರಾತ್ರಿ ಕೃತ್ತಿಕೆಯ ಗೊಂಚಲಿನಲ್ಲಿ ಎಷ್ಟು ಚುಕ್ಕಿ ಕಂಡವೆಂದು ಒಬ್ಬೊಬ್ಬರೂ ಬೇರೆ ಬೇರೆ ಬರೆಯಲಿ. ಸಾಮಾನ್ಯವಾಗಿ ಆರು ಕಾಣುತ್ತವೆ.

ಮಳೆಗಾಲಕ್ಕೆ ನನ್ನ ಮೆಚ್ಚಿನ ಕೆಲಸ ಮಳೆ ಅಳೆಯುವುದು. ಸೊಂಟವಿಲ್ಲದ, ನೇರ ಮೈಯ 2 ಲೀಟರಿನ ಬಾಟಲಿಯನ್ನು ಭುಜದ ಕೆಳಗೆ ಕತ್ತರಿಸಿ, ಮುಚ್ಚಳ ತೆಗೆದ ಮೇಲ್ಭಾಗವನ್ನು ತಲೆಕೆಳಗಾಗಿಸಿ ಆಲಿಕೆಯಂತೆ ಕೂರಿಸಿ. ತಳದ ಉಬ್ಬುತಗ್ಗು ಅಳತೆ ಕೆಡಿಸುತ್ತದೆ. ಅಲ್ಲಿ ಬೆಣಚುಕಲ್ಲು ತುಂಬಿ, ಮೈ ನೇರವಾಗುವ ಜಾಗದಲ್ಲಿ ಸೊನ್ನೆಯ ಗೆರೆ ಹಾಕಿ, ಅಲ್ಲಿಯವರೆಗೆ ನೀರು ಹೊಯ್ಯಿರಿ. ಬಾಯಿಯೂ ಮೈಯೂ ಒಂದೇ ಅಗಲವಾದ್ದರಿಂದ ಸ್ಕೇಲಿನ ಮಿ.ಮೀ.ಯೇ ಮಳೆಯ ಮಿ.ಮೀ. ಬಾಲ್ಕನಿಯಲ್ಲಿಟ್ಟರೆ ಗೋಡೆ ಮಳೆ ತಡೆದು ಅಳತೆ ಕಡಿಮೆ ಬರುತ್ತದೆ. ಗಚ್ಚಿಯಲ್ಲಿ, ಮೋಟುಗೋಡೆ ಎಷ್ಟು ಎತ್ತರವೋ ಅದರ ಎರಡರಷ್ಟು ದೂರದಲ್ಲಿ, ಇಟ್ಟಿಗೆಗಳ ನಡುವೆ ಎತ್ತರಿಸಿ ಇಡಿ. ನೆಲಕ್ಕೆ ಬಡಿದು ಸಿಡಿಯುವ ಹನಿ ಒಳಗೆ ಬೀಳಬಾರದು.

ದಿನಾ ಬೆಳಿಗ್ಗೆ 8.30ಕ್ಕೆ ಅಳೆಯಿರಿ. ಹವಾಮಾನ ಇಲಾಖೆಯ ದಿನದ ಲೆಕ್ಕವೂ ಆ ಹೊತ್ತಿನದೇ, ಹಾಗಾಗಿ ಪತ್ರಿಕೆಯಲ್ಲಿ ಬರುವ ಕೊಲಾಬಾ, ಸಾಂತಾಕ್ರೂಜ್ ಅಂಕಿಗಳ ಪಕ್ಕ ಮಕ್ಕಳು ತಮ್ಮದನ್ನು ಬರೆಯಬಹುದು. 64.5 ಮಿ.ಮೀ. ದಾಟಿದರೆ ಭಾರೀ ಮಳೆ, 115.6ರಿಂದ ಅತಿ ಭಾರೀ, 204.4 ಮೀರಿದರೆ ಅತ್ಯಂತ ಭಾರೀ. 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ ಸುರಿದದ್ದು 944 ಮಿ.ಮೀ. ಆ ಎತ್ತರವನ್ನು ಗೋಡೆಯ ಮೇಲೆ ಪೆನ್ಸಿಲಿನಲ್ಲಿ ಗುರುತಿಸಿ, ಮಕ್ಕಳು ಪಕ್ಕದಲ್ಲಿ ನಿಂತು ನೋಡಲಿ.

ಅಳೆದ ಕೂಡಲೇ ಸೊನ್ನೆಯ ಗೆರೆಗಿಂತ ಮೇಲಿನ ನೀರು ಚೆಲ್ಲಿ. ಮಳೆ ಬಿಟ್ಟ ದಿನಗಳಲ್ಲಿ ಪೂರ್ತಿ ಖಾಲಿ ಮಾಡಿ ಬೋರಲು ಹಾಕಿ, ನಿಂತ ನೀರಿನಲ್ಲಿ ಡೆಂಗಿ ಸೊಳ್ಳೆ ಮೊಟ್ಟೆಯಿಡುತ್ತದೆ. ಗಚ್ಚಿಗೆ ದೊಡ್ಡವರು ಜೊತೆಗೇ ಹೋಗಬೇಕು. ಸೊಸೈಟಿಯವರು ಬೀಗ ಹಾಕುವ ಕಟ್ಟಡವಾದರೆ ಮೇ ತಿಂಗಳಲ್ಲೇ ಅನುಮತಿ ಕೇಳಿಡಿ, ಮಳೆ ಹಿಡಿದ ಮೇಲೆ ಯಾರೂ ಕೀಲಿ ಕೊಡುವುದಿಲ್ಲ.