‘ಕಳಿಸಿದ್ದೆವು’ ಕಲಿಸಿದ ಇಂಗ್ಲಿಷ್

ಚನ್ನಪಟ್ಟಣದ ಸಣ್ಣ ಗೊಂಬೆ ಘಟಕವೊಂದರಲ್ಲಿ ವಿದೇಶದ ಪತ್ರವ್ಯವಹಾರ ನನ್ನದು. ನಾಲ್ಕು ವರ್ಷಗಳ ಹಿಂದೆ ಇಂಗ್ಲೆಂಡಿನ ಗಿರಾಕಿಯೊಬ್ಬರಿಗೆ ‘ವೀ ಹ್ಯಾಡ್ ಸೆಂಟ್’ ಎಂದು ಬರೆದೆ. ತಲೆಯಲ್ಲಿದ್ದುದು ‘ಸರಕು ಕಳಿಸಿದ್ದೆವು’ ಎಂಬ ಕನ್ನಡ. ಆಮೇಲೆ ಏನಾಯಿತು, ವಾಪಸು ಬಂತೇ ಎಂದು ಅವರು ಕೇಳಿದರು. ಆ ಗೊಂದಲ ಬಿಡಿಸುವಷ್ಟರಲ್ಲಿ ಹತ್ತು ದಿನ ಕಳೆದು, ಮುಂದಿನ ಆರ್ಡರ್ ಬೇರೆಯವರ ಪಾಲಾಯಿತು. ಸುಮಾರು 40,000 ರೂಪಾಯಿಯ ಮಾಲು.

ಇಂಗ್ಲಿಷ್ ಕ್ರಿಯಾಪದದ ಹನ್ನೆರಡು ಕಾಲಗಳ (ಟೆನ್ಸ್) ಪಟ್ಟಿ ನಿಮಗೆಲ್ಲ ಬಾಯಿಪಾಠವಿರುತ್ತದೆ, ನನಗೂ ಇತ್ತು. ಆದರೂ 6,500 ರೂಪಾಯಿ ಕೊಟ್ಟು ಮೂರು ತಿಂಗಳು ಸಂಜೆ ತರಗತಿಗೆ ಹೋದೆ. ಮೊಬೈಲ್ ಆ್ಯಪ್‌ಗೆ ಇನ್ನೊಂದು 2,000 ಹೋಯಿತು. ಬಿಟ್ಟ ಸ್ಥಳ ತುಂಬುವುದರಲ್ಲಿ ಪೂರ್ಣ ಅಂಕ. ಪತ್ರ ಬರೆಯಲು ಕುಳಿತರೆ ಮತ್ತೆ ಅದೇ ‘ಹ್ಯಾಡ್’.

ಕಡೆಗೆ ಕನ್ನಡವನ್ನೇ ಹಿಡಿದೆ. ಕನ್ನಡದಲ್ಲಿ ಯೋಚಿಸಲೇಬಾರದು ಎಂದು ಮೇಷ್ಟ್ರು ಹೇಳಿದ್ದರು, ಜೊತೆಯವರೂ ಇದು ಆಗದ ಕೆಲಸ ಎಂದರು. ನಾನು ನೂರು ಪುಟದ ಒಂದು ನೋಟ್‌ಬುಕ್ ತಂದು, ದಿನವೂ ಆಡುವ ಐದು ಮಾತುಗಳನ್ನು ಬರೆದು, ಕ್ರಿಯಾಪದದ ಬಾಲಕ್ಕೆ ಗೆರೆ ಎಳೆಯತೊಡಗಿದೆ.

‘ನಿನ್ನೆ ಕಳಿಸಿದ್ದೇನೆ’ ಎಂಬುದು ನಮಗೆ ಸಲೀಸು. ಇಂಗ್ಲಿಷ್ ಅದನ್ನು ಒಪ್ಪುವುದಿಲ್ಲ. ನಿನ್ನೆ, ಹೋದ ತಿಂಗಳು ಎಂದು ಮುಗಿದುಹೋದ ಹೊತ್ತನ್ನು ಹೆಸರಿಸಿದರೆ ಬರಿಯ ‘ಸೆಂಟ್’. ಕೆಲಸ ಆಗಿದೆ ಎಂದಷ್ಟೇ ತಿಳಿಸಬೇಕಾದರೆ ‘ಹ್ಯಾವ್ ಸೆಂಟ್’. ‘ಕಳಿಸಿದ್ದೆ’ ಎನ್ನುವಾಗ, ಅದರ ನಂತರ ನಡೆದ ಇನ್ನೊಂದು ಸಂಗತಿ ಮಾತಿನಲ್ಲಿದ್ದರೆ ಮಾತ್ರ ‘ಹ್ಯಾಡ್’: ಲಾರಿ ಬರುವಷ್ಟರಲ್ಲಿ ಪೆಟ್ಟಿಗೆ ಕಟ್ಟಿಟ್ಟಿದ್ದೆವು, ಹಾಗೆ. ‘ಹ್ಯಾಡ್’ ಬರೆದಾಗಲೆಲ್ಲ ಆ ಎರಡನೆಯ ಸಂಗತಿಯನ್ನು ಅಂಚಿನಲ್ಲಿ ಬರೆಯಬೇಕು, ಸಿಗದಿದ್ದರೆ ಹೊಡೆದುಹಾಕಬೇಕು ಎಂದು ನಿಯಮ ಮಾಡಿಕೊಂಡೆ. ಮೊದಲ ತಿಂಗಳು ಹತ್ತರಲ್ಲಿ ಎಂಟು ‘ಹ್ಯಾಡ್’ ಹೋದವು.

‘ಹತ್ತು ವರ್ಷದಿಂದ ಮಾಡುತ್ತಿದ್ದೇನೆ’ ಎನ್ನುವಲ್ಲಿ ಆ ‘ಇಂದ’ ಕಂಡ ಕೂಡಲೇ ‘ಆಮ್’ ಬಿಟ್ಟು ‘ಹ್ಯಾವ್ ಬೀನ್’. ಗೊತ್ತು, ಬೇಕು, ಇಷ್ಟ ಇವಕ್ಕೆ ಕನ್ನಡದಲ್ಲೇ ‘ತ್ತಿದ್ದೇನೆ’ ಅಂಟುವುದಿಲ್ಲ. ಇಂಗ್ಲಿಷಿನಲ್ಲೂ ‘ನೋಯಿಂಗ್’ ಎನ್ನಬೇಡಿ, ‘ಇಂದ’ ಇದ್ದರೆ ‘ಹ್ಯಾವ್ ನೋನ್’. ಇದನ್ನು ಯಾವ ಮೇಷ್ಟ್ರೂ ನನಗೆ ಹೇಳಿರಲಿಲ್ಲ, ನಾನೇ ಕಂಡುಕೊಂಡದ್ದು.

ವಿನಯದ ಮಾತಂತೂ ನಮ್ಮಲ್ಲೇ ಇತ್ತು. ‘ಒಂದು ವಿಷಯ ಕೇಳಬೇಕಿತ್ತು’ ಎಂದು ಈಗಿನ ಆಸೆಯನ್ನು ಹಿಂದಕ್ಕೆ ತಳ್ಳಿ ಮೃದು ಮಾಡುತ್ತೇವಲ್ಲ, ಅವರೂ ‘ಐ ವಾಂಟೆಡ್ ಟು ಆಸ್ಕ್’ ಎನ್ನುವುದು ಅದಕ್ಕೇ. ಆದರೆ ಯಾರಾದರೂ ಕರೆದಾಗ ಕುಳಿತಲ್ಲಿಂದಲೇ ನಾವು ಕೂಗುವ ‘ಬಂದೆ!’ ಅವರ ಬಾಯಲ್ಲಿ ‘ಕಮಿಂಗ್’.

ನಡುವೆ ಎರಡು ತಿಂಗಳು ಇಂಗ್ಲಿಷ್ ಕ್ರಿಕೆಟ್ ವೀಕ್ಷಕ ವಿವರಣೆ ಕೇಳಿ ಬರೆದುಕೊಂಡೆ. ಪತ್ರಕ್ಕೆ ಅದು ಒದಗಲಿಲ್ಲ. ಕಣ್ಣೆದುರು ನಡೆಯುವ ಚೆಂಡೆಸೆತವನ್ನೂ ಅವರು ‘ಬೌಲ್ಸ್’ ಎಂದೇ ಹೇಳುತ್ತಾರೆ. ಅದನ್ನು ಅನುಕರಿಸಿ ನಾನು ‘ವೀ ಪ್ಯಾಕ್’ ಎಂದು ಬರೆದೆ, ಈಗ ಕಟ್ಟುತ್ತಿದ್ದೀರೋ ಸದಾ ಕಟ್ಟುವಿರೋ ಎಂದು ಪ್ರಶ್ನೆ ಬಂತು. ಕಿವಿ ಮಾತ್ರ ಚುರುಕಾಯಿತು.

ಫೋನಿನಲ್ಲಿ ತಡವರಿಸದಿರಲು ಇನ್ನೆರಡು ಉಪಾಯಗಳಿವೆ. ಅವು ಸದ್ಯಕ್ಕೆ ನನ್ನ ಬಳಿ ಕಲಿಯುವ ನಾಲ್ವರಿಗೆ ಮಾತ್ರ.

ಕಳೆದ ವರ್ಷ ಇನ್ನೂರರಷ್ಟು ಪತ್ರ ಬರೆದೆ, ಒಂದಕ್ಕೂ ‘ಆಮೇಲೆ ಏನಾಯಿತು’ ಎಂಬ ಉತ್ತರ ಬರಲಿಲ್ಲ. ಅದೇ ಇಂಗ್ಲೆಂಡಿನ ಗಿರಾಕಿ ದೀಪಾವಳಿಯ ಹೊತ್ತಿಗೆ ಮರಳಿ ಬಂದು ಒಂದೂವರೆ ಲಕ್ಷದ ಹತ್ತಿರದ ಆರ್ಡರ್ ಕೊಟ್ಟರು. ಈಗ ಅಮೆರಿಕದ ಗಿರಾಕಿಯೊಬ್ಬರು ಸಿಕ್ಕಿದ್ದಾರೆ. ಇಂಗ್ಲೆಂಡಿನವರು ‘ಹ್ಯಾವ್ ಯು ಈಟನ್’ ಎನ್ನುವ ಕಡೆ ಇವರು ‘ಡಿಡ್ ಯು ಈಟ್’ ಎಂದುಬಿಡುತ್ತಾರೆ, ನಮ್ಮ ‘ಊಟ ಆಯಿತಾ’ ಹಾಗೆಯೇ. ಅವರಿಗಾಗಿ ನೋಟ್‌ಬುಕ್ಕಿನಲ್ಲಿ ಬೇರೆ ಪುಟ ತೆರೆದಿದ್ದೇನೆ. ಮೂವತ್ತು ಮಾತು ಸೇರಿವೆ.