ಮೊದಲು ಮ್ಯಾಗ್ನೆಟ್, ಆಮೇಲೆ ಲ್ಯಾಬ್: ಕೊಪ್ಪಳದ ಎರೆಹೊಲದಲ್ಲಿ ಮಣ್ಣು ತೆಗೆದ ನನ್ನ ಅನುಭವ

ಕಾರ್ಖಾನೆಯ ದೂಳು ಹೊಲದಲ್ಲಿ ಎಲ್ಲಿ ಬಿದ್ದಿದೆ ಎಂದು ಮ್ಯಾಗ್ನೆಟ್ ಆಡಿಸಿ ನೋಡಿದಾಗ ‘ಇದು ಮಕ್ಕಳಾಟ ಐತಿ, ರಿಪೋರ್ಟಿನಾಗ ಬರೀಬ್ಯಾಡ್ರಿ’ ಎಂದವರೇ ಈಗ ಫೋನ್ ಮಾಡಿ ವಿಧಾನ ಕೇಳುತ್ತಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಗಿಣಿಗೇರಿ ಕಡೆಯ ಒಂದು ಸ್ಪಾಂಜ್ ಐರನ್ (ಅದಿರನ್ನು ಕರಗಿಸದೆ ತೆಗೆದ ಕಬ್ಬಿಣ) ಕಾರ್ಖಾನೆ. ಸುತ್ತಲಿನ ಹೊಲಗಳಲ್ಲಿ ಹತ್ತಿ ಬಿಡಿಸಿದರೆ ಬೆರಳು ಕರ್ರಗಾಗುತ್ತದೆ. ರೈತರು ಪಟ್ಟಿ ಎತ್ತಿ ಮೂವತ್ತು ಸಾವಿರದ ಹತ್ತಿರ ಕೂಡಿಸಿ ಬೇರೆಯವರಿಂದ ಮೊದಲೇ ಒಮ್ಮೆ ಮಣ್ಣು ಪರೀಕ್ಷೆ ಮಾಡಿಸಿದ್ದರು. ಗೊಬ್ಬರದ ಲೆಕ್ಕಕ್ಕೆ ತೆಗೆಯುವಂತೆ 15 ಸೆಂ.ಮೀ. ಗುಂಡಿ ತೋಡಿ, ಹೊಲವೆಲ್ಲ ಕಲಸಿ, ಅರ್ಧ ಕೆ.ಜಿ. ಕಳಿಸಿದ್ದರು. ದೂಳು ಇರುವುದು ಮೇಲಿನ ಒಂದೆರಡು ಸೆಂ.ಮೀ.ನಲ್ಲಿ. ಕಲಸಿದರೆ ‘ಎಲ್ಲ ನಾರ್ಮಲ್’ ಅಂತಲೇ ಬರುತ್ತದೆ, ಬಂತು. ಕಲಸಿದ್ದು ಜಿಂಕ್ ಲೇಪದ ತಗಡಿನ ಬಕೆಟ್ಟಿನಲ್ಲಿ, ಹಾಗಾಗಿ ಸತುವಿನ ಅಂಕಿಯೂ ಕೆಲಸಕ್ಕೆ ಬರಲಿಲ್ಲ. ಅಷ್ಟೂ ದುಡ್ಡು ನೀರಿನಲ್ಲಿ ಹೋಮ.

ಒಂದು ಸ್ಯಾಂಪಲ್ಲಿಗೆ ಎಲ್ಲ ಲೋಹ ನೋಡಲು ಎರಡು ಸಾವಿರದ ಮೇಲಾಗುತ್ತದೆ. ಕಂಡಲ್ಲೆಲ್ಲ ತೆಗೆದರೆ ಪೂರೈಸದು. ಅದಕ್ಕೇ ಎಲ್ಲಿ ತೆಗೆಯಬೇಕೆಂದು ತಿಳಿಯಲು ಹಳೆ ಸ್ಪೀಕರಿನ ಮ್ಯಾಗ್ನೆಟ್ಟನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಮೇಲ್ಮಣ್ಣಿನ ಮೇಲೆ ಆಡಿಸಿದೆ. ಕಾರ್ಖಾನೆಯ ಕುಲುಮೆಯಿಂದ ಹೊರಬಿದ್ದ ಕಬ್ಬಿಣದ ದೂಳು ಅದಕ್ಕೆ ಕರಿ ಮೀಸೆಯಂತೆ ಹತ್ತುತ್ತದೆ. ನಮ್ಮ ಮಣ್ಣಿನಲ್ಲೂ ಸಹಜವಾಗಿ ಸ್ವಲ್ಪ ಹತ್ತುವುದುಂಟು, ಆದ್ದರಿಂದ ಮೊದಲು ಹತ್ತು ಹನ್ನೆರಡು ಕಿ.ಮೀ. ದೂರದ, ಹೆದ್ದಾರಿ ಹಾಯದ ಎರೆಹೊಲದಲ್ಲಿ (ಕಪ್ಪು ಮಣ್ಣಿನ ಹೊಲದಲ್ಲಿ) ನೋಡಿಕೊಂಡೆ. ಹತ್ತಿದ್ದನ್ನು ತೂಗುವ ಕ್ರಮ ಮಾತ್ರ ಇಲ್ಲಿ ಹೇಳುವುದಿಲ್ಲ, ಅದರಲ್ಲೇ ನನ್ನ ಹೊಟ್ಟೆಪಾಡಿದೆ.

ಇದನ್ನೇ ಸಂಡೂರಿನಲ್ಲೂ ಮಾಡಿ ನೋಡಿದೆ. ಅಲ್ಲಿ ಗುಡ್ಡವೇ ಅದಿರು. ಎಲ್ಲಿ ಇಟ್ಟರೂ ಹತ್ತುತ್ತದೆ, ಉಪಯೋಗವಿಲ್ಲ.

ಎಲ್ಲರೂ ಮುಂಗಾರಿನ ಪಡುವಣ ಗಾಳಿ ಹಿಡಿದು ಕಾರ್ಖಾನೆಯ ಮೂಡಲಲ್ಲಷ್ಟೇ ತೆಗೆಯುತ್ತಾರೆ. ಚಳಿಗಾಲದ ಒಣ ದಿನಗಳಲ್ಲಿ ಗಾಳಿ ಮೂಡಲಿಂದ ಬೀಸುತ್ತದೆ, ದೂಳು ಪಡುವಣಕ್ಕೆ ಬೀಳುತ್ತದೆ, ತೊಳೆಯಲು ಮಳೆಯೂ ಇರುವುದಿಲ್ಲ. ನಾನು ಎರಡೂ ಕಡೆ 100, 250, 500 ಮೀಟರ್, 1 ಕಿ.ಮೀ., 2 ಕಿ.ಮೀ. ಹೀಗೆ ಸಾಲು ಹಾಕಿದೆ. ಪ್ರತಿ ಜಾಗದಲ್ಲೂ ಎರಡು ಚೀಲ: ನೇಗಿಲು ತಾಗದ ಬದುವಿನ ಮೇಲಿನ 2 ಸೆಂ.ಮೀ. ಒಂದು, ಬೆಳೆ ಉಣ್ಣುವ 15 ಸೆಂ.ಮೀ. ಇನ್ನೊಂದು. ಬದು ಹಳೆಯ ದೂಳನ್ನೆಲ್ಲ ಹಿಡಿದಿಟ್ಟುಕೊಂಡಿರುತ್ತದೆ.

ಎರೆಯಲ್ಲಿ ಆಳದ ಸ್ಯಾಂಪಲ್ ತೆಗೆಯುವವರು ಹುಷಾರಾಗಿರಬೇಕು. ಬೇಸಿಗೆಯಲ್ಲಿ ಮೊಳಕೈ ಇಳಿಯುವಷ್ಟು ಬಿರಿಯುತ್ತದೆ, ಮೇಲಿನ ದೂಳು ನೇರ ಒಳಗೆ ಸುರಿಯುತ್ತದೆ. ಅದನ್ನೇ ತೆಗೆದು ‘ವಿಷ ಆಳಕ್ಕಿಳಿದಿದೆ’ ಎಂದರೆ ಎದುರು ಪಾರ್ಟಿಯ, ಅಂದರೆ ಕಂಪನಿಯ, ತಜ್ಞರು ಒಂದೇ ಪ್ರಶ್ನೆಗೆ ಕೆಡವುತ್ತಾರೆ. ಬಿರುಕಿನೊಳಗಿನ ಪುಡಿ ಬೇರೆ, ಎರಡು ಬಿರುಕಿನ ನಡುವಿನ ಗಟ್ಟಿ ಹೆಂಟೆಯ ಒಡಲು ಬೇರೆ. ಹೆಂಟೆಯ ಹೊರಮೈಯನ್ನು ಬಿದಿರಿನ ಚೂರಿಯಿಂದ ಕೆತ್ತಿ, ಒಳಗಿನದನ್ನಷ್ಟೇ ಚೀಲಕ್ಕೆ ಹಾಕಿದೆ.

ಕೊನೆಗೆ ಲ್ಯಾಬಿಗೆ ಹೋದದ್ದು ಇಪ್ಪತ್ತರ ಆಸುಪಾಸು ಚೀಲ, ಖರ್ಚು ನಲವತ್ತೈದು ಸಾವಿರದೊಳಗೆ. ಮ್ಯಾಗ್ನೆಟ್ಟಿಗೆ ದಟ್ಟವಾಗಿ ಹತ್ತಿದ ಬದುಗಳಲ್ಲೇ ಸೀಸ, ಕ್ರೋಮಿಯಂ ಎರಡೂ ಏರಿದ್ದವು, ಅದೂ ಪಡುವಣ ದಿಕ್ಕಿನಲ್ಲೇ ಹೆಚ್ಚು. ಪ್ರತಿ ಸ್ಯಾಂಪಲ್ಲಿನ ಅರ್ಧ ಭಾಗಕ್ಕೆ ಸೀಲು ಹಾಕಿ, ರೈತರ ಸಹಿ ಮಾಡಿಸಿ ಇಟ್ಟಿದ್ದೇನೆ. ಕಂಪನಿಯವರು ಬೇರೆ ಲ್ಯಾಬು ಬೇಕೆಂದರೆ ಅದೇ ಮಣ್ಣು ಕೊಡಲು.