ಹಲ್ಲಿನ ಹಿಂದೆ ಬಿದ್ದ ನನ್ನ ಸಂಶೋಧನೆ

ಸಸ್ತನಿಗಳ ವಿಕಾಸ ಓದಬೇಕು ಅಂತ ಹೊರಟವರ ಕೈಗೆ ಕೊನೆಗೆ ಜಾಸ್ತಿ ಸಿಗುವುದು ಹಲ್ಲುಗಳೇ. ದೇಹದಲ್ಲಿ ಹಲ್ಲಿನ ಹೊರಪದರವಾದ ಎನಾಮೆಲ್‌ಗಿಂತ ಗಟ್ಟಿಯಾದದ್ದು ಬೇರೆ ಇಲ್ಲ. ಮೂಳೆ ಪುಡಿಯಾಗಿ ಹೋದ ಜಾಗದಲ್ಲೂ ಹಲ್ಲು ಉಳಿದಿರುತ್ತದೆ. ಎಷ್ಟೋ ಪ್ರಾಣಿಗಳು ಬದುಕಿದ್ದವು ಅಂತ ನಮಗೆ ಗೊತ್ತಾಗಿರುವುದೇ ಒಂದೆರಡು ದವಡೆ ಹಲ್ಲಿನಿಂದ.

ನಾನು ಪಿಎಚ್‌ಡಿಗೆ ಸೇರಿದಾಗ ಮಾಡಿದ್ದು ಅಳತೆಯ ಕೆಲಸ. ಮ್ಯೂಸಿಯಂನ ಡ್ರಾಯರ್ ಎಳೆಯುವುದು, ಕ್ಯಾಲಿಪರ್ ಹಿಡಿದು ಹಲ್ಲಿನ ಎತ್ತರ ಅಗಲ ಬರೆದುಕೊಳ್ಳುವುದು. ಹುಲ್ಲಿನಲ್ಲಿ ಸಿಲಿಕಾ ಇರುತ್ತದೆ, ಜೊತೆಗೆ ನೆಲದ ಧೂಳು ಬಾಯಿಗೆ ಹೋಗುತ್ತದೆ, ಹಲ್ಲು ಬೇಗ ಸವೆಯುತ್ತದೆ. ಹಾಗಾಗಿ ಹಲ್ಲು ಎತ್ತರವಾಗಿದ್ದರೆ ಹುಲ್ಲು ಮೇಯುವ ಪ್ರಾಣಿ, ಗಿಡ್ಡವಾಗಿದ್ದರೆ ಸೊಪ್ಪು ತಿನ್ನುವ ಪ್ರಾಣಿ. ಆಗ ನಾವೆಲ್ಲ ಕಲಿತಿದ್ದು ಇದು.

ಇದನ್ನು ಪರೀಕ್ಷೆಗೆ ಒಡ್ಡಿದ್ದು ಆಫ್ರಿಕಾದ ಆನೆ. ಅದರ ಹಲ್ಲು ಎತ್ತರ. ನಿಯಮದ ಪ್ರಕಾರ ಅದು ಹುಲ್ಲು ಮೇಯಬೇಕು. ಆದರೆ ಇವತ್ತಿನ ಆನೆ ಹೆಚ್ಚಾಗಿ ತಿನ್ನುವುದು ಮರಗಿಡಗಳ ಸೊಪ್ಪು, ತೊಗಟೆ, ಕೊಂಬೆ. ಹಲ್ಲಿನ ಆಕಾರ ಒಂದು ಹೇಳುತ್ತದೆ, ಹೊಟ್ಟೆ ಇನ್ನೊಂದು ಹೇಳುತ್ತದೆ. ಇಲ್ಲಿಂದಲೇ ನನ್ನ ನಿಜವಾದ ಕೆಲಸ ಶುರುವಾಯಿತು.

ಆಕಾರ ಬಿಟ್ಟರೆ ಇನ್ನೆರಡು ದಾರಿಗಳಿವೆ. ಮೊದಲನೆಯದು ಇಂಗಾಲದ ಐಸೊಟೋಪ್, ಅಂದರೆ ಬೇರೆ ಬೇರೆ ತೂಕದ ಇಂಗಾಲದ ಪರಮಾಣುಗಳು. ಮರಗಿಡಗಳೂ ಬಿಸಿ ಪ್ರದೇಶದ ಬಹುಪಾಲು ಹುಲ್ಲುಗಳೂ ಗಾಳಿಯ ಇಂಗಾಲವನ್ನು ಬೇರೆ ಬೇರೆ ರೀತಿಯಲ್ಲಿ ಹಿಡಿಯುತ್ತವೆ. ಭಾರದ ಐಸೊಟೋಪ್ ಆದ ಇಂಗಾಲ-13 ಒಂದು ನಿಗದಿತ ಮಾದರಿಗಿಂತ ಸಾವಿರಕ್ಕೆ ಎಷ್ಟು ಹೆಚ್ಚು ಅಥವಾ ಕಡಿಮೆ ಅಂತ ಹೇಳುವ ಮಾಪನದಲ್ಲಿ ಮರಗಿಡಗಳು ಸುಮಾರು -27, ಆ ಹುಲ್ಲುಗಳು ಸುಮಾರು -13. ತಿಂದ ಪ್ರಾಣಿಯ ಎನಾಮೆಲ್‌ನಲ್ಲಿ ಈ ಅಂಕಿ ಹೆಚ್ಚುಕಡಿಮೆ 14ರಷ್ಟು ಮೇಲೇರುತ್ತದೆ, ಆದರೆ ಎರಡರ ನಡುವಿನ ಅಂತರ ಹಾಗೇ ಉಳಿಯುತ್ತದೆ. ಲಕ್ಷಾಂತರ ವರ್ಷದ ಹಲ್ಲಿನಲ್ಲೂ ಓದಬಹುದು. ನನಗೆ ಈಗಲೂ ಇದು ಅಚ್ಚರಿ.

ಇದಕ್ಕೆ ಬೇಕಾದದ್ದು ಕೆಲವೇ ಮಿಲಿಗ್ರಾಂ ಪುಡಿ. ವಜ್ರದ ತುದಿಯ ಸಣ್ಣ ಡ್ರಿಲ್‌ನಿಂದ ಹಲ್ಲಿನ ಮೇಲಿಂದ ಬೇರಿನ ಕಡೆಗೆ ಸಾಲುಸಾಲಾಗಿ ಗೀರು ಹಾಕುತ್ತೇನೆ. ಹಲ್ಲು ಬೆಳೆದದ್ದು ಅದೇ ದಿಕ್ಕಿನಲ್ಲಿ, ಹಾಗಾಗಿ ಒಂದೊಂದು ಗೀರಿನಲ್ಲೂ ಬೇರೆ ಬೇರೆ ಹೊತ್ತಿನ ಊಟ ಸಿಗುತ್ತದೆ. ಮ್ಯೂಸಿಯಂನವರು ಮಾದರಿಗೆ ಡ್ರಿಲ್ ತಾಗಿಸಲು ಸುಮ್ನೆ ಒಪ್ಪುವುದಿಲ್ಲ, ಒಪ್ಪಬಾರದು ಕೂಡ. ಮೊದಲೇ ಮುರಿದ ಅಂಚು ಇದ್ದರೆ ನಾನು ಅಲ್ಲಿಂದಲೇ ಪುಡಿ ಕೇಳುತ್ತೇನೆ.

ಇನ್ನೊಂದು ದಾರಿ ಸವೆತದ ಸೂಕ್ಷ್ಮ ಗುರುತು. ಹಲ್ಲನ್ನು ಅಸಿಟೋನ್ ಅದ್ದಿದ ಹತ್ತಿಯಿಂದ ಒರೆಸಿ, ದಂತವೈದ್ಯರು ಬಳಸುವ ಸಿಲಿಕೋನ್‌ನಿಂದ ಅಚ್ಚು ತೆಗೆದು, ಅದರಲ್ಲಿ ಎಪಾಕ್ಸಿ ಸುರಿದು ಪ್ರತಿ ಮಾಡುತ್ತೇನೆ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಹುಲ್ಲು ಮೇದ ಹಲ್ಲಿನ ತುಂಬ ಉದ್ದ ಗೀರುಗಳು. ಗಟ್ಟಿ ಕಾಯಿ, ಬೀಜ ಕಡಿದ ಹಲ್ಲಿನಲ್ಲಿ ಕುಳಿಗಳು. ಆದರೆ ಈ ಗುರುತುಗಳು ಸಾಯುವ ಮುಂಚಿನ ಕೆಲವು ದಿನ, ವಾರಗಳದ್ದು ಮಾತ್ರ. ಹಳೆಯ ಗುರುತನ್ನು ಹೊಸದು ಅಳಿಸುತ್ತಲೇ ಇರುತ್ತದೆ.

ಮೂರನ್ನೂ ಒಟ್ಟಿಗೆ ಇಟ್ಟಾಗ ಆನೆಯ ಒಗಟು ಸ್ವಲ್ಪ ಬಿಡಿಸಿಕೊಳ್ಳುತ್ತದೆ. ಆಕಾರದಲ್ಲಿರುವುದು ವಂಶದ ನೆನಪು, ಐಸೊಟೋಪ್‌ನಲ್ಲಿರುವುದು ಒಂದು ಪ್ರಾಣಿಯ ಬದುಕು. 2013ರಲ್ಲಿ ಪಳೆಯುಳಿಕೆ ವಿಜ್ಞಾನಿ ಏಡ್ರಿಯನ್ ಲಿಸ್ಟರ್ ತೋರಿಸಿದ್ದು ಇದನ್ನೇ. ಪೂರ್ವ ಆಫ್ರಿಕಾದ ಆನೆ ಕುಲದವು ಸುಮಾರು 80 ಲಕ್ಷ ವರ್ಷದ ಹಿಂದೆಯೇ ಹುಲ್ಲಿಗೆ ಬಾಯಿ ಹಾಕಿದ್ದವು. ಹಲ್ಲು ಗಮನಾರ್ಹವಾಗಿ ಎತ್ತರವಾದದ್ದು ಸುಮಾರು 50 ಲಕ್ಷ ವರ್ಷದ ಹಿಂದೆ. ಅಭ್ಯಾಸ ಮೊದಲು ಬಂತು, ದೇಹ ಆಮೇಲೆ. ಮುಂದೆ ಆನೆ ಮತ್ತೆ ಸೊಪ್ಪಿನ ಕಡೆ ತಿರುಗಿತು, ಆದರೆ ಎತ್ತರದ ಹಲ್ಲು ಉಳಿದುಕೊಂಡಿತು.

ಅದಕ್ಕೇ ವಿಕಾಸ ಓದುವವರು ಪರಿಸರ ವಿಜ್ಞಾನ ಬಿಟ್ಟು ಕೂರಬಾರದು ಅಂತ ನಾನು ಗಟ್ಟಿಯಾಗಿ ನಂಬಿದ್ದೇನೆ. ಬದುಕಿರುವ ಪ್ರಾಣಿ ಬರಗಾಲದಲ್ಲಿ ಏನು ತಿನ್ನುತ್ತದೆ ಅಂತ ನೋಡದೆ ಪಳೆಯುಳಿಕೆಯ ಊಟ ಹೇಳುವುದು ಹೇಗೆ, ಅಲ್ವಾ? ನನ್ನ ವಿದ್ಯಾರ್ಥಿಗಳು ಲ್ಯಾಬಿಗೆ ಬರುವ ಮೊದಲು ಒಂದು ಮಳೆಗಾಲ, ಒಂದು ಬೇಸಿಗೆ ಪ್ರಾಣಿಗಳ ಹಿಂದೆ ಓಡಾಡಿ ಲದ್ದಿ ಸಂಗ್ರಹಿಸುತ್ತಾರೆ. ಲದ್ದಿಯಲ್ಲೂ ಅದೇ ಐಸೊಟೋಪ್ ಇರುತ್ತದೆ, ಕಣ್ಣಾರೆ ಕಂಡ ಊಟದ ಜೊತೆ ತಾಳೆ ನೋಡಬಹುದು.

ಈಗ ನನ್ನ ತಲೆ ತುಂಬಿರುವುದು ಆ ನಡುವಿನ 30 ಲಕ್ಷ ವರ್ಷ. ಗಿಡ್ಡ ಹಲ್ಲಿಟ್ಟುಕೊಂಡು ಅಷ್ಟು ಕಾಲ ಹುಲ್ಲು ಮೇದು ಅವು ಹೇಗೆ ಬಾಳಿದವು? ಆ ಕಾಲದ ಹಲ್ಲುಗಳ ಅಚ್ಚು ತೆಗೆಯುವ ಕೆಲಸ ನಡೆಯುತ್ತಿದೆ.